ನೇಪಾಳದ ದಾರಿಯಲ್ಲಿ ನಾವಿಬ್ಬರು

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಬಾಲ್ಯದಲ್ಲಿಯೇ ಮಠದ ಆಶ್ರಯ ದೊರೆತುದರಿಂದ ಕೋಶ ಓದುವ ಭಾಗ್ಯ ನನಗೆ ಲಭಿಸಿತು. ಮುಂದೆ ಗೃಹಸ್ಥನಾಗಿ ಪ್ರವಚನ, ಉಪನ್ಯಾಸಗಳ ನಿಮಿತ್ತ ಊರೂರು ತಿರುಗಿದೆ. ಆದರೆ ನಮ್ಮ ಮನೆಯವರು ಕುಮಾರಪಟ್ಟಣವನ್ನು ಬಿಟ್ಟು, ಹೊಳೆಯಾಚೆಯ ಹರಿಹರ, ಈಚೆಯ ರಾಣೆಬೆನ್ನೂರುಗಳನ್ನು ದಾಟಿದ್ದು ವಿರಳ. ಮಕ್ಕಳು ತಮ್ಮ ತಮ್ಮ ಸಂಸಾರಗಳಲ್ಲಿ ನೆಲೆಗೊಂಡ ಮೇಲೆ, 2024ರ ಕಾರ್ತಿಕ ಮಾಸದಲ್ಲಿ, ನಾವಿಬ್ಬರೇ ನೇಪಾಳವನ್ನು ಬಸ್ಸಿನಲ್ಲಿ ನೋಡಿಬರಲು ನಿಶ್ಚಯಿಸಿದೆವು.

ತಾಯಿಯ ಮಂಡಿನೋವನ್ನು ನೆನೆದು ಮಕ್ಕಳು ವಿಮಾನದಲ್ಲಿ ಹೋಗಿರೆಂದರು. “ಆಕಾಶದಾಗ ಹೋದ್ರ ದಾರಿ ಎಲ್ಲಿ ಕಾಣತೈತಿ?” ಎಂದು ಅವರು ಆ ಮಾತನ್ನು ಅಲ್ಲಗಳೆದರು. ಹೊರಡುವ ಮುನ್ನ ನಮ್ಮೊಳಗೆ ಎರಡು ನೇಮಗಳನ್ನು ಮಾಡಿಕೊಂಡೆವು. ಅವರವರ ಚೀಲವನ್ನು ಅವರವರೇ ಬೆನ್ನಿಗೇರಿಸಬೇಕು. ಇಬ್ಬರಲ್ಲಿ ಯಾರೇ ಬೇಡವೆಂದರೂ ಅಂದಿನ ಪ್ರಯಾಣ ಅಲ್ಲಿಗೇ ನಿಲ್ಲಬೇಕು. ಚೀಲದಲ್ಲಿ ಎರಡು ಜೊತೆ ಬಟ್ಟೆ, ವಿಭೂತಿ, ಔಷಧಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಷ್ಟೇ. ಇಷ್ಟಲಿಂಗವಂತೂ ಅಂಗದ ಮೇಲೆಯೇ ಇರುವುದರಿಂದ ಪೂಜೆಗೆ ಬೇರೊಂದು ಸ್ಥಳವನ್ನು ಅರಸಬೇಕಾಗಲಿಲ್ಲ.

ರೈಲಿನಲ್ಲಿ ಕಾಶಿಯನ್ನು ತಲುಪಿ, ಜಂಗಮವಾಡಿ ಮಠದಲ್ಲಿ ತಂಗಿ, ಗೋರಖಪುರದ ಮಾರ್ಗವಾಗಿ ಬಸ್ಸಿನಲ್ಲಿ ಸೋನೌಲಿಗೆ ಬಂದೆವು. ಅಲ್ಲಿ ಒಂದು ಕಮಾನನ್ನು ದಾಟಿದರೆ ಪರದೇಶ! ಭಾರತೀಯರಿಗೆ ವೀಸಾ ಬೇಕಿಲ್ಲ. ಮತದಾರರ ಗುರುತಿನ ಚೀಟಿ ಸಾಕಾಯಿತು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. ಗಡಿಯಾರವನ್ನು 15 ನಿಮಿಷ ಮುಂದಿಡಬೇಕು. “ಇನ್ನ ಮುಂದ ನಿಮಗೂ ಮಾತು ಬರೂದಿಲ್ಲ, ನನಗೂ ಬರೂದಿಲ್ಲ, ಇಬ್ಬರೂ ಸಮ ಆದ್ವಿ ನೋಡ್ರಿ” ಎಂದು ಅವರು ನಕ್ಕರು.

ಲುಂಬಿನಿಯಲ್ಲಿ ಅಶೋಕನ ಸ್ತಂಭವನ್ನು ಕಂಡೆವು. ಬುದ್ಧ ಜನಿಸಿದ ಗ್ರಾಮವೆಂದು ಅರಸನು ಅಲ್ಲಿಯ ಕರಭಾರವನ್ನು ಇಳಿಸಿದ ಸಂಗತಿ ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿದೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ನಮ್ಮ ಮಸ್ಕಿಯ ಶಾಸನದ ಲಿಪಿಯೂ ಅದೇ. ನಾನು ಇದನ್ನು ವಿವರಿಸುತ್ತಿರಲು ಅವರು, “ತೆರಿಗಿ ಇಳಿಸಿದ್ದನ್ನ ಕಲ್ಲಿನ್ಯಾಗ ಬರಸೂದು ಚಲೋ ಆತು; ಮುಂದಿನವ ಏರಸಾಕ ಬರೂದಿಲ್ಲ” ಎಂದರು. ಇಂಥ ಟೀಕೆ ನನಗೆ ಯಾವ ಗ್ರಂಥದಲ್ಲಿಯೂ ದೊರೆತಿರಲಿಲ್ಲ.

ಮರುದಿನ ಸಂಜೆಗೆ ನಾರಾಯಣಗಢವನ್ನು ಮುಟ್ಟಿದೆವು. ಕಾಠ್ಮಂಡುವಿಗೆ ರಾತ್ರಿಯ ಬಸ್ಸು ಸಿದ್ಧವಾಗಿತ್ತು. ಬೆಳಗಾಗುವಷ್ಟರಲ್ಲಿ ತಲುಪಬಹುದೆಂಬ ಆಸೆ ನನ್ನದು. ಅವರು ಮಾತ್ರ ಚೀಲವನ್ನು ಕೆಳಗಿಳಿಸಿ, “ಇವತ್ತ ಬ್ಯಾಡರಿ” ಎಂದರು. ಕಾರಣವನ್ನು ಕೇಳಕೂಡದೆಂಬುದೂ ನೇಮದಲ್ಲಿ ಸೇರಿತ್ತು. ಅಲ್ಲಿಯೇ ಒಂದು ಸಣ್ಣ ವಸತಿಗೃಹದಲ್ಲಿ ಉಳಿದೆವು.

ಮರುದಿನ ಹಗಲು ಬೆಳಕಿನಲ್ಲಿ ಮುಗ್ಲಿಂಗ್ ಕಡೆಗೆ ಸಾಗುವಾಗ ಆ ದಾರಿಯ ಸ್ವರೂಪ ಕಣ್ಣಿಗೆ ಬಿದ್ದಿತು. ಒಂದು ಮಗ್ಗುಲಿಗೆ ಕುಸಿಯುವ ಗುಡ್ಡ, ಇನ್ನೊಂದು ಮಗ್ಗುಲಿಗೆ ಆಳದಲ್ಲಿ ಭೋರ್ಗರೆವ ತ್ರಿಶೂಲೀ ನದಿ. ಅದೇ ವರ್ಷ ಜುಲೈ 12ರ ನಸುಕಿನಲ್ಲಿ, ಇದೇ ದಾರಿಯ ಸಿಮಲತಾಲದಲ್ಲಿ, ಗುಡ್ಡ ಕುಸಿದು 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳು ಹೊಳೆಯ ಪಾಲಾಗಿದ್ದವು. ಪಕ್ಕದಲ್ಲಿದ್ದ ನೇಪಾಳಿ ತಾಯಿಯೊಬ್ಬರು ಆ ತಾಣ ಬಂದಾಗ ನದಿಯ ಕಡೆಗೆ ಕೈಮುಗಿದರು. ನಮ್ಮ ಮನೆಯವರೂ ಮುಗಿದರು. ಬಳಿಕ ಇಬ್ಬರೂ ಒಂದೇ ರೊಟ್ಟಿಯನ್ನು ಮುರಿದು ತಿಂದರು. ಅವರಿಬ್ಬರ ನಡುವೆ ಭಾಷೆಯ ಕೊರತೆ ನನಗೆ ಕಾಣಲಿಲ್ಲ.

ಪಶುಪತಿನಾಥನ ಸನ್ನಿಧಿಯಲ್ಲಿ ಪೂಜೆ ಸಲ್ಲಿಸುವವರು ಕರ್ನಾಟಕದಿಂದ ಹೋದ ಭಟ್ಟರು. ಕಾಠ್ಮಂಡುವಿನಿಂದ ಸುಮಾರು 13 ಕಿಲೋಮೀಟರು ದೂರದ ಭಕ್ತಪುರದಲ್ಲಿ ಜಂಗಮ ಮಠವೂ ಇದೆ. ಬಸ್ಸು ರೈಲುಗಳಿಲ್ಲದ ಕಾಲದಲ್ಲಿ ಅಷ್ಟು ದೂರ ಸಂಚರಿಸಿದ ಜಂಗಮರನ್ನು ನೆನೆದು ನಮ್ಮ ಚೀಲದ ಭಾರ ಹಗುರವೆನಿಸಿತು. 1702ರಲ್ಲಿ ಕಟ್ಟಿದ, 2015ರ ಭೂಕಂಪಕ್ಕೂ ಜಗ್ಗದ ನ್ಯಾತಪೋಲ ದೇಗುಲ ಅದೇ ಊರಿನಲ್ಲಿದೆ. ಅದರ ಕಡಿದಾದ ಮೆಟ್ಟಿಲುಗಳನ್ನು ಏರಲು ಅವರ ಮಂಡಿ ಒಪ್ಪಲಿಲ್ಲ. ನಾನೂ ಏರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಐದು ಅಂತಸ್ತಿನ ಆ ಗೋಪುರವನ್ನು ಸಂಜೆಯವರೆಗೂ ನೋಡಿದೆವು.

ದಾಂಪತ್ಯದಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ ನಡೆಯುವುದು ಮನೆಯಲ್ಲಿ ರೂಢಿಯಾಗಿಬಿಡುತ್ತದೆ. ಪರನಾಡಿನ ದಾರಿಯಲ್ಲಿ ಮೆಲ್ಲನೆ ನಡೆಯುವವರ ಹೆಜ್ಜೆಯೇ ಇಬ್ಬರ ಹೆಜ್ಜೆ. ಬೇಡವೆಂದವರ ಮಾತೇ ಇಬ್ಬರ ಮಾತು. ವಾಚಕ ಬಂಧುಗಳಲ್ಲಿ ಹಿರಿಯ ದಂಪತಿಗಳು ಮೈಯಲ್ಲಿ ಕಸುವಿರುವಾಗಲೇ ಒಮ್ಮೆ ಹೀಗೆ ಹೊರಡಬೇಕು. ಚೀಲ ಹಗುರವಾಗಿರಲಿ, ಮಳೆಗಾಲ ಕಳೆದಿರಲಿ, ಗುಡ್ಡಗಾಡಿನಲ್ಲಿ ರಾತ್ರಿಯ ಬಸ್ಸು ಬೇಡ. ನಮ್ಮ ಮನೆಯವರು ಈಗ ಶ್ರೀಶೈಲದ ಬಸ್ಸಿನ ವೇಳೆಯನ್ನು ವಿಚಾರಿಸುತ್ತಿದ್ದಾರೆ.