ಉಸಿರಿನ ಲೆಕ್ಕಾಚಾರ



ಮೂಗು ಹಿಡಿದು ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ 'ಇನ್ನು ಸಾಕು, ಉಸಿರಾಡು' ಎಂಬ ಒತ್ತಾಯ ಬರುತ್ತದೆ. ಯಾಕೆಂದು ಕೇಳಿದರೆ ನಿಮ್ಮಲ್ಲಿ ಬಹಳ ಮಂದಿ 'ಆಕ್ಸಿಜನ್ ಕಡಿಮೆಯಾಯಿತು' ಎನ್ನುತ್ತೀರಿ. ಆದರೆ ಆ ಒತ್ತಾಯಕ್ಕೆ ಮುಖ್ಯ ಕಾರಣ ರಕ್ತದಲ್ಲಿ ಹೆಚ್ಚಾಗುವ ಕಾರ್ಬನ್ ಡೈಆಕ್ಸೈಡ್. ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು 1905ರಲ್ಲೇ ಇದನ್ನು ತೋರಿಸಿಕೊಟ್ಟರು.

ಗೋಲಿ ಸೋಡಾ ಕುಡಿದಾಗ ನಾಲಿಗೆಗೆ ಚುರುಗುಟ್ಟುವ ಹುಳಿ ತಾಗುತ್ತದಲ್ಲವೇ? ಈ ಅನಿಲ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುವುದರಿಂದ ಹಾಗೆ. ನಮ್ಮ ರಕ್ತದಲ್ಲಿ ನಡೆಯುವುದೂ ಅದೇ. ಅನಿಲ ಹೆಚ್ಚಿದರೆ ರಕ್ತ ಆಮ್ಲದ ಕಡೆಗೆ ವಾಲುತ್ತದೆ, ಕಡಿಮೆಯಾದರೆ ಕ್ಷಾರದ ಕಡೆಗೆ. ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರಬೇಕು. ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಹಗಲೂ ರಾತ್ರಿ ಇದನ್ನು ಕಾಯುತ್ತಾ ಉಸಿರನ್ನು ಏರಿಸಿ ಇಳಿಸುತ್ತದೆ. ಮೂತ್ರಪಿಂಡಗಳೂ ಈ ಲೆಕ್ಕ ಸರಿಮಾಡುತ್ತವೆ. ಆದರೆ ಅವಕ್ಕೆ ಗಂಟೆಗಳು, ದಿನಗಳೇ ಬೇಕು. ಶ್ವಾಸಕೋಶಕ್ಕೆ ಕೆಲವು ನಿಮಿಷ ಸಾಕು.

ಇದನ್ನು ತಿಳಿದು ನಮಗೇನಾಗಬೇಕು ಎನ್ನಬೇಡಿ. ಪರೀಕ್ಷೆಯ ಹಾಲ್‌ನಲ್ಲಿ ಗಾಬರಿಯಾಗಿ ಬೇಗ ಬೇಗ ಉಸಿರಾಡಿದರೆ ಈ ಅನಿಲ ಅತಿಯಾಗಿ ಹೊರಗೆ ಹೋಗಿಬಿಡುತ್ತದೆ. ತಲೆ ಸುತ್ತುತ್ತದೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ. ಆಗ ಮೆಲ್ಲಗೆ, ದೀರ್ಘವಾಗಿ ಉಸಿರು ಬಿಡಿ. ಕಾಗದದ ಚೀಲ ಮುಖಕ್ಕೆ ಹಿಡಿಯುವುದು ಬೇಡ. ತೊಂದರೆ ಆಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯ.

ಈಜುವವರಂತೂ ಇದನ್ನು ಮರೆಯಲೇಬಾರದು. ಹೆಚ್ಚು ಹೊತ್ತು ಮುಳುಗಿರಲೆಂದು ಕೆಲವರು ಮೊದಲೇ ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾರೆ. ಇದರಿಂದ ರಕ್ತಕ್ಕೆ ಸೇರುವ ಆಕ್ಸಿಜನ್ ಅಲ್ಪ. ಎಚ್ಚರಿಕೆ ಕೊಡಬೇಕಾದ ಅನಿಲ ಮಾತ್ರ ಖಾಲಿಯಾಗಿರುತ್ತದೆ. ಒತ್ತಾಯ ಬರುವ ಮೊದಲೇ ಆಕ್ಸಿಜನ್ ತೀರಿ, ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಗೆಳೆಯರು ಪಂಥ ಕಟ್ಟಿದರೂ ಇದನ್ನು ಮಾಡಬೇಡಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ನೊಂದು ಮಾತು. ಇನ್ಸುಲಿನ್ ತೀರಾ ಸಾಲದಾದಾಗ ರಕ್ತದಲ್ಲಿ ಆಮ್ಲ ಸೇರುತ್ತದೆ. ಅದನ್ನು ಇಳಿಸಲು ದೇಹ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತದೆ. ವಾಂತಿಯೂ ಮಂಪರೂ ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉಸಿರಿನ ಈ ವಿಚಾರಕ್ಕೆ ನಮ್ಮ ಊರಿನ ನಂಟೂ ಇದೆ. ಬಾಲಾನಗರದಲ್ಲಿ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಉಸ್ಮಾನಿಯಾ ಮೆಡಿಕಲ್ ಕಾಲೇಜಿನ ನಿಲ್ದಾಣದಲ್ಲಿ ಇಳಿಯಬಹುದು. ಆ ಕಾಲೇಜು ಹೈದರಾಬಾದ್ ಮೆಡಿಕಲ್ ಸ್ಕೂಲ್ ಆಗಿದ್ದಾಗ ಅಲ್ಲಿ ಮುಖ್ಯಸ್ಥರಾಗಿದ್ದ ಡಾ. ಎಡ್ವರ್ಡ್ ಲಾರಿ, ಆರನೆಯ ನಿಜಾಮರ ನೆರವಿನಿಂದ 1888 ಮತ್ತು 1889ರಲ್ಲಿ ಕ್ಲೋರೋಫಾರಂ ಆಯೋಗಗಳನ್ನು ನಡೆಸಿದರು. ಅರಿವಳಿಕೆ ಕೊಡುವವರು ನಾಡಿಯನ್ನಲ್ಲ, ಉಸಿರನ್ನು ಗಮನಿಸಬೇಕು ಎಂಬುದು ಅವರ ವಾದ. ಕ್ಲೋರೋಫಾರಂ ಹೃದಯವನ್ನೇ ನೇರವಾಗಿ ನಿಲ್ಲಿಸಬಲ್ಲದೆಂದು 1911ರಲ್ಲಿ ಲೆವಿ ಎಂಬ ವೈದ್ಯರು ತೋರಿಸಿದ ಮೇಲೆ ಆ ವಾದದ ಅರ್ಧ ಬಿದ್ದುಹೋಯಿತು. ಉಸಿರಿನ ಮೇಲೆ ಕಣ್ಣಿಡಬೇಕೆಂಬ ಪಾಠ ಮಾತ್ರ ಉಳಿಯಿತು. ಇಂದು ಆಪರೇಷನ್ ಕೋಣೆಯಲ್ಲಿ ರೋಗಿ ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಯಂತ್ರವೇ ಅಳೆಯುತ್ತಿರುತ್ತದೆ.

ಏದುಸಿರು, ನಿಟ್ಟುಸಿರು, ಬಿಸಿಯುಸಿರು ಎಂದು ಉಸಿರಿಗೆ ಕನ್ನಡದಲ್ಲಿ ಎಷ್ಟೊಂದು ಹೆಸರು! ಈ ಮಾತುಗಳನ್ನೂ ಕಲಿಯಿರಿ, ಉಸಿರಿನ ಗುಟ್ಟನ್ನೂ ತಿಳಿಯಿರಿ. ಎರಡೂ ನಿಮ್ಮ ಸೊತ್ತೇ.