ಜನರೇಟರಿಗೊಂದು ಸ್ವಂತ ಬ್ಯಾಟರಿ

ಬೋಟಿನ ಜನರೇಟರನ್ನು ಸ್ಟಾರ್ಟ್ ಮಾಡುವ ಬ್ಯಾಟರಿಗೆ ಇರುವುದು ಒಂದೇ ಕೆಲಸ: ಕೆಲವು ಸೆಕೆಂಡು ಸ್ಟಾರ್ಟರ್ ಮೋಟರಿಗೆ ಜೋರಾಗಿ ಕರೆಂಟು ಕೊಟ್ಟು ಸುಮ್ಮನಾಗುವುದು. ಅದಕ್ಕೆ ತೆಳುವಾದ, ಆದರೆ ಸಂಖ್ಯೆಯಲ್ಲಿ ಹೆಚ್ಚಾದ ಸೀಸದ ಪ್ಲೇಟುಗಳು ಬೇಕು. ಆಸಿಡ್ಡಿಗೆ ತಾಗುವ ಮೈ ಹೆಚ್ಚಿದಷ್ಟೂ ಕರೆಂಟು ಒಮ್ಮೆಗೇ ಹರಿದುಬರುತ್ತದೆ.

ಇಷ್ಟು ಗೊತ್ತಿದ್ದೂ ‘ದೊಡ್ಡದೇ ಇರಲಿ’ ಎಂದು ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯನ್ನು ಹೊತ್ತು ತರುವವರಿದ್ದಾರೆ. ಅದು ಫ್ಯಾನು, ದೀಪಗಳನ್ನು ತಾಸುಗಟ್ಟಲೆ ನಡೆಸಲು ಹುಟ್ಟಿದ್ದು. ಎಎಚ್ ಎಂಬುದು ಎಷ್ಟು ಹೊತ್ತು ಎಂಬುದರ ಲೆಕ್ಕ, ಎಷ್ಟು ಜೋರು ಎಂಬುದರದ್ದಲ್ಲ. ಜೋರಿನ ಲೆಕ್ಕ ಬೇಕಿದ್ದರೆ ಸಿಸಿಎ ನೋಡಬೇಕು: ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 7.2 ವೋಲ್ಟಿಗಿಂತ ಕೆಳಗಿಳಿಯದೆ, 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದು ಅದರ ಅರ್ಥ. ಮಲ್ಪೆಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಜನರೇಟರಿನ ಪುಸ್ತಕ ಹೇಳಿದ ಸಂಖ್ಯೆ ಸಾಕು. ಅದರ ಎರಡು ಪಟ್ಟು ಮಾರಲು ಬರುವ ಅಂಗಡಿಯವನ ಮಾತಿಗೆ ತಲೆಯಾಡಿಸಬೇಕಿಲ್ಲ. ಕರಾವಳಿಯಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಸೆಕೆ.

ಇನ್ನೊಂದು ಪಂಗಡದವರು ಬೇರೆ ಬ್ಯಾಟರಿಯೇ ದಂಡ ಎನ್ನುತ್ತಾರೆ. ದೀಪ, ವೈರ್‌ಲೆಸ್ ನಡೆಸುವ ಬ್ಯಾಟರಿಗಳಿಂದಲೇ ಒಂದು ವೈರು ಎಳೆದರಾಯಿತಂತೆ! ಆ ಬ್ಯಾಟರಿಗಳು ಖಾಲಿಯಾದಾಗ ತುಂಬಿಸಲೆಂದೇ ಜನರೇಟರ್ ಇರುವುದು. ಅದನ್ನೂ ಅವುಗಳಿಗೇ ಗಂಟುಹಾಕುವುದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ ಹಾಗೆ. ಹೀಗೆ ಉಳಿಸಿದ ದುಡ್ಡು ನಡುಗಡಲಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಬ್ಯಾಟರಿ ಜನರೇಟರಿಗೆ ಹತ್ತಿರವಿರಬೇಕು, ಆದರೆ ಅದರ ಬಿಸಿ ಗೂಡಿನೊಳಗಲ್ಲ. ಅಲೆಗೆ ಅಲುಗದಂತೆ ಆಸಿಡ್ ತಾಳುವ ಪೆಟ್ಟಿಗೆಯಲ್ಲಿಟ್ಟು ಬಿಗಿಯಬೇಕು. ಚಾರ್ಜಾಗುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡಬೇಕು. ತಳದಲ್ಲಿ ನಿಲ್ಲುವ ನೀರಿಗೆ ಎಟುಕಬಾರದು. ಉಪ್ಪುನೀರು ಒಳಹೊಕ್ಕರೆ ಕ್ಲೋರಿನ್ ವಿಷಗಾಳಿ ಏಳುತ್ತದೆ.

ವೈರು ದಪ್ಪ, ಗಿಡ್ಡ, ತವರದ ಲೇಪವಿರುವ ತಾಮ್ರದ್ದು. ಲಗ್ಗುಗಳನ್ನು ಸುತ್ತಿಗೆಯಿಂದ ಜಜ್ಜದೆ ಕ್ರಿಂಪಿಂಗ್ ಸಾಧನದಿಂದಲೇ ಒತ್ತಬೇಕು. ಬೆರಳಲ್ಲೇ ತಿರುಗಿಸುವ ರೆಕ್ಕೆ ನಟ್ಟುಗಳ ಮೇಲೆ ಕೆಲವರಿಗೆ ಇರುವ ಮೋಹ ಅರ್ಥವಾಗುವಂಥದ್ದಲ್ಲ. ಎಂಜಿನ್ನಿನ ನಡುಕಕ್ಕೆ ಅವು ಸಡಿಲಾಗುತ್ತವೆ. ಜೋಡಣೆಗಳಲ್ಲೆಲ್ಲ ಸೇರಿ ಬರೀ 5 ಮಿಲಿಓಮ್ ತಡೆ ಕೂತರೂ 200 ಆಂಪಿಯರ್ ಹರಿಯುವಾಗ 1 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಆಗ ಸ್ಟಾರ್ಟರ್ ಬರೀ ‘ಟಕ್’ ಎನ್ನುತ್ತದೆ, ಬೈಗುಳವೆಲ್ಲ ಬ್ಯಾಟರಿಗೆ ಬೀಳುತ್ತದೆ. ಸ್ಪ್ಯಾನರಿನಲ್ಲಿ ಬಿಗಿಯುವ ಸಾದಾ ನಟ್ಟು, ಕೆಳಗೊಂದು ಸ್ಪ್ರಿಂಗ್ ವಾಷರ್, ಮೇಲೆ ತುಸು ಗ್ರೀಸು: ಇಷ್ಟೇ ಬೇಕಾದ್ದು.

ಜೋಡಿಸುವಾಗ ಪಾಸಿಟಿವ್ ಮೊದಲು, ಬಿಚ್ಚುವಾಗ ನೆಗೆಟಿವ್ ಮೊದಲು. ಎಂಜಿನ್ನಿನ ಮೈ ನೆಗೆಟಿವ್‌ಗೆ ಸೇರಿದ್ದರೆ, ಈ ಕ್ರಮ ತಪ್ಪಿದಾಗ ಜಾರಿದ ಸ್ಪ್ಯಾನರ್ ಬೆಂಕಿ ಕಾರುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಡದಲ್ಲೇ ಇರುವ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ನೆಗೆಟಿವ್ ಬಿಚ್ಚಿಡುವುದು ಒಳ್ಳೆಯದು. ಚಾರ್ಜು ಸೋರಿ ಖಾಲಿಯಾಗಲು ಬಿಟ್ಟರೆ ಪ್ಲೇಟುಗಳಿಗೆ ಸಲ್ಫೇಟು ಹಿಡಿಯುತ್ತದೆ. ಕೆಲವು ತಾಸು ಸುಮ್ಮನಿದ್ದ ಬ್ಯಾಟರಿಯಲ್ಲಿ ಮೀಟರು 12.6 ವೋಲ್ಟ್ ಅಥವಾ ಮೇಲೆ ತೋರಿಸಿದರೆ ಸರಿ, 12.4ಕ್ಕಿಂತ ಇಳಿದಿದ್ದರೆ ಅಂದೇ ಚಾರ್ಜಿಗೆ ಹಾಕಬೇಕು.