ಬೆಂಕಿ ಆರಿದ ಮೇಲೆ

ಕಾಡಿಗೆ ಬಿದ್ದ ಬೆಂಕಿ ಆರಿತೆಂದರೆ ಅಪಾಯ ಕಳೆಯಿತೆಂದೇ ಎಲ್ಲರ ಎಣಿಕೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮಾಂಟೆಸಿಟೊ ಊರಿನ ಅನೇಕರೂ ಹಾಗೆಂದೇ ನಿಟ್ಟುಸಿರು ಬಿಟ್ಟಿದ್ದರು. 2017ರ ಡಿಸೆಂಬರ್‌ನಲ್ಲಿ ಹೊತ್ತಿದ ‘ಥಾಮಸ್’ ಕಾಳ್ಗಿಚ್ಚು ಸುಮಾರು 2.8 ಲಕ್ಷ ಎಕರೆ ಸುಟ್ಟು, ಊರ ಬೆನ್ನಿಗಿದ್ದ ಗುಡ್ಡಗಳನ್ನು ಬೋಳಾಗಿಸಿತ್ತು. 2018ರ ಜನವರಿ 9ರ ನಸುಕಿನಲ್ಲಿ ಮಳೆ ಸುರಿಯಿತು. ಐದೇ ನಿಮಿಷದಲ್ಲಿ ಸುಮಾರು ಅರ್ಧ ಅಂಗುಲ! ಕೆಸರು, ಕಾರಿನಷ್ಟು ದೊಡ್ಡ ಬಂಡೆಗಳು, ಸುಟ್ಟ ದಿಮ್ಮಿಗಳು ಹಳ್ಳಗಳುದ್ದಕ್ಕೂ ಊರಿಗೆ ನುಗ್ಗಿದವು. 23 ಜನ ಪ್ರಾಣ ಕಳೆದುಕೊಂಡರು.

ಬೆಂಕಿಗೂ ಕೆಸರಿಗೂ ಏನು ನಂಟು? ಗಿಡಗಂಟಿಗಳ ಎಲೆಗಳಲ್ಲಿ ಮೇಣದಂಥ ವಸ್ತುವಿರುತ್ತದೆ. ಉರಿಯ ಕಾವಿಗೆ ಅದು ಆವಿಯಾಗಿ ಮಣ್ಣಿಗಿಳಿದು, ತುಸು ಆಳದಲ್ಲಿ ತಣಿದು ಮಣ್ಣಿನ ಕಣಗಳಿಗೆ ಅಂಟಿಕೊಳ್ಳಬಲ್ಲದು. ಆಮೇಲೆ ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ, ಆ ಮಣ್ಣಿಗೂ ನೀರು ಸುಲಭವಾಗಿ ಇಂಗದು. ಹನಿಯ ಪೆಟ್ಟು ತಡೆಯಲು ಎಲೆಯೂ ಇಲ್ಲ, ತರಗೂ ಇಲ್ಲ. ಬೂದಿ, ಮಣ್ಣು, ಕಲ್ಲುಗಳನ್ನು ಹೊತ್ತ ನೀರು ಇಳಿಜಾರು ಹಿಡಿಯುತ್ತದೆ.

ಇದನ್ನು ಮುಂಚಿತವಾಗಿ ಲೆಕ್ಕ ಹಾಕಬಹುದೆ? ಹಾಕಬಹುದು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಗುಡ್ಡದ ಕಡಿದು, ಉಪಗ್ರಹ ಚಿತ್ರದಲ್ಲಿ ಕಾಣುವ ಸುಟ್ಟ ತೀವ್ರತೆ, ಮಣ್ಣಿನ ಗುಣ ಮತ್ತು ಹದಿನೈದು ನಿಮಿಷಗಳ ಮಳೆಯ ಬಿರುಸು ಇವುಗಳನ್ನು ಸೂತ್ರವೊಂದಕ್ಕೆ ಕೊಡುತ್ತದೆ. ‘ಬರುತ್ತದೆ’, ‘ಬರುವುದಿಲ್ಲ’ ಎಂಬ ಉತ್ತರ ಅದರಿಂದ ಸಿಗದು. ಸಂಭವ ನೂರಕ್ಕೆ ಎಷ್ಟು ಎಂಬುದಷ್ಟೇ ಸಿಗುತ್ತದೆ. ಶಾಲೆಯಲ್ಲಿ ಮಕ್ಕಳು ಬೇಸರದಿಂದ ಬಿಡಿಸುವ ಸಂಭವನೀಯತೆಯ ಲೆಕ್ಕಕ್ಕೆ ಇಲ್ಲಿ ಜೀವಗಳ ತೂಕವಿದೆ.

ಥಾಮಸ್ ಬೆಂಕಿಯ ಬಳಿಕವೂ ಇಂಥ ನಕ್ಷೆ ತಯಾರಾಗಿತ್ತು, ಎಚ್ಚರಿಕೆಯೂ ಹೊರಟಿತ್ತು. ಆದರೆ ಗುಡ್ಡದ ಹಳ್ಳದಲ್ಲಿ ಕೆಸರು ಹುಟ್ಟುವ ಸಂಭವವನ್ನು ಹೇಳಿದ ನಕ್ಷೆ, ಅದು ಕೆಳಗಿಳಿದು ಎಲ್ಲಿಯವರೆಗೆ ಹರಡೀತೆಂದು ಹೇಳುವಂಥದ್ದಾಗಿರಲಿಲ್ಲ. ಮನೆ ಬಿಡಲೇಬೇಕೆಂಬ ಆಜ್ಞೆ ರಸ್ತೆಯೊಂದರ ಮೇಲಿನ ಭಾಗಕ್ಕಷ್ಟೇ ಇತ್ತು. ಕೆಳಗಿನವರಿಗೆ ಇದ್ದುದು ಸಲಹೆ. ಬೆಂಕಿಗೆಂದು ಆಗಲೇ ಮನೆ ಬಿಟ್ಟು ಮರಳಿ ದಣಿದಿದ್ದ ಹಲವರು ಮತ್ತೆ ಹೊರಡಲಿಲ್ಲ. ಕೆಸರು ರಸ್ತೆಯನ್ನು ದಾಟಿ ಬಂತು.

ಮಾಂಟೆಸಿಟೊ ನಿಂತಿರುವ ನೆಲವೇ ಹಿಂದಿನ ಇಂಥ ಪ್ರವಾಹಗಳು ತಂದು ಸುರಿದ ಕಲ್ಲುಮಣ್ಣು. ಆದ್ದರಿಂದಲೇ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ನೆಲವನ್ನು ಚೌಕಗಳಾಗಿ ಹಂಚಿ, ಬೆಂಕಿ, ಮಳೆ, ಬೇರು ಎಲ್ಲವನ್ನೂ ಸೇರಿಸಿ, ಸಾವಿರಾರು ವರ್ಷಗಳಲ್ಲಿ ಗುಡ್ಡ ಹೇಗೆ ಸವೆದು ಕಣಿವೆ ಹೇಗೆ ತುಂಬೀತೆಂದು ಓಡಿಸಿ ನೋಡುತ್ತಾರೆ. ಬೆಂಕಿ ಮೇಲಿಂದ ಮೇಲೆ ಬಿದ್ದರೆ, ಕೊಚ್ಚಿಹೋದ ಮಣ್ಣು ಮತ್ತೆ ಕೂಡಲು ಬಿಡುವೇ ಸಿಗದು. ಮನೆ ಕಟ್ಟುವವರು ಈ ಲೆಕ್ಕವನ್ನೂ ಒಮ್ಮೆ ಕೇಳುವುದು ಒಳ್ಳೆಯದು.